ಅತ್ತೆಯ ಕಿವಿಗೆ ಎಂಟುನೂರು ವ್ಯಾಟ್

ತಕ್ಕಡಿ ಸಾಹೇಬರಿಗೆ ಹೊಟ್ಟೆಕಿಚ್ಚಿನ ಸ್ವಭಾವವೇ ಇಲ್ಲ ಎಂದು ಅವರನ್ನು ಬಲ್ಲವರೆಲ್ಲ ಹೇಳುತ್ತಾರೆ. ಅದು ನಿಜ. ಬೀದಿಯಲ್ಲಿ ಯಾರು ಮನೆ ಕಟ್ಟಿಸಿದರೂ, ಕಚೇರಿಯಲ್ಲಿ ಯಾರಿಗೆ ಬಡ್ತಿ ಸಿಕ್ಕರೂ ಅವರು ಮನಸಾರೆ ಸಂತೋಷಪಡುತ್ತಿದ್ದರು. ತಮ್ಮ ಪಾಲಿಗೆ ಬಂದ ಹೊಟ್ಟೆಕಿಚ್ಚನ್ನೆಲ್ಲ ಅವರು ಪೋಲು ಮಾಡದೆ ಒಬ್ಬನೇ ಒಬ್ಬ ಮನುಷ್ಯನಿಗಾಗಿ ಕೂಡಿಟ್ಟಿದ್ದರು. ಆ ಮನುಷ್ಯ ಅವರ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಹಲ್ಲಿನ ಡಾಕ್ಟರು.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದದ್ದರಿಂದ ಜನ ಅವರಿಗೆ ತಕ್ಕಡಿ ಸಾಹೇಬರೆಂದು ಹೆಸರಿಟ್ಟಿದ್ದರು. ಅಂಗಡಿಯ ತಕ್ಕಡಿ ಹತ್ತು ಗ್ರಾಂ ಸುಳ್ಳು ಹೇಳಿದರೂ ಅವರಿಗೆ ಬಾಗಿಲಲ್ಲೇ ವಾಸನೆ ಬಡಿಯುತ್ತಿತ್ತು. ಆದರೆ ಷಡ್ಡಕನ ವಿಷಯ ಬಂದರೆ ಅವರದೇ ಮುಳ್ಳು ಒಂದೇ ಕಡೆಗೆ ವಾಲಿಬಿಡುತ್ತಿತ್ತು. ದೇಶ ಸುತ್ತುವ ದೊಡ್ಡ ಟೂರಿಂಗ್ ಬೈಕನ್ನು ಮೊದಲು ಕೊಂಡವರು ಸಾಹೇಬರು. ಅದರ ಮೇಲೆ ಅವರು ಸುತ್ತಿದ ದೇಶಗಳು ಎರಡು: ಒಂದು ಕಚೇರಿ, ಇನ್ನೊಂದು ಅತ್ತೆಯ ಮನೆ. ಅಷ್ಟರಲ್ಲಿ ಡಾಕ್ಟರು ಅದಕ್ಕಿಂತ ಒಂದು ಅಳತೆ ದೊಡ್ಡ ಬೈಕು ತಂದರು. ಸಾಲದ್ದಕ್ಕೆ ಅದರ ಮೂತಿಯಲ್ಲಿ ಕಂಪನಿಯವರೇ ಕೂರಿಸಿಕೊಟ್ಟ ಎರಡು ಪುಟ್ಟ ಸ್ಪೀಕರುಗಳಿದ್ದವು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಊರಿನವರ ಗುಟ್ಟನ್ನೆಲ್ಲ ಕೇಳಿ ಕೇಳಿ ಸಾಕಾಗಿಯೋ ಏನೋ, ಅವರ ಕಿವಿಗಳೂ ಅವರ ಹಿಂದೆಯೇ ನಿವೃತ್ತಿ ತೆಗೆದುಕೊಂಡಿದ್ದವು. “ಊಟ ಆಯ್ತಾ ಅತ್ತೆ?” ಎಂದು ಸಾಹೇಬರು ಕೂಗಿದರೆ, “ಆಟೋ ಬಂತಾ? ಸ್ವಲ್ಪ ನಿಲ್ಲೋಕೆ ಹೇಳಿ” ಎನ್ನುತ್ತಿದ್ದರು.

ಇಂಥ ಅತ್ತೆ ಒಂದು ಭಾನುವಾರ ಬೆಳಗ್ಗೆ ತಮ್ಮ ಮನೆಯ ಜಗಲಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಸಾಹೇಬರು ಹೆಂಡತಿಯೊಡನೆ ಆಗಷ್ಟೇ ಗೇಟು ದಾಟಿ ಬಂದಿದ್ದರು. ಅಂಗಳದಲ್ಲಿ ನಿಂತ ಡಾಕ್ಟರ ಬೈಕಿನಿಂದ ಹಳೆಯ ಹಾಡೊಂದು ಮೆಲ್ಲಗೆ ಹೊರಡುತ್ತಿತ್ತು. ಅತ್ತೆಯ ಕಣ್ಣಲ್ಲಿ ನೀರು.

“ಅಯ್ಯೋ, ಒಂದೊಂದು ಪದಾನೂ ಕೇಳಿಸ್ತಿದೆ ಕಣ್ರೇ! ಚಿಕ್ಕಳಿಯಂದ್ರು ಹಾಕಿಸಿರೋ ಮೆಷೀನು ಅಂದ್ರೆ ಮೆಷೀನು!”

ಇಲ್ಲಿ ಓದುಗರಿಗೆ ಒಂದು ಸತ್ಯವನ್ನು ಹೇಳಿಬಿಡುವುದು ನನ್ನ ಧರ್ಮ. ಅತ್ತೆ ಹೊಗಳಿದ್ದು ಬೈಕಿನ ಸ್ಪೀಕರನ್ನಲ್ಲ. ಅವರ ಬಲಕಿವಿಗೆ ಡಾಕ್ಟರು ಹೊಸದಾಗಿ ಹಾಕಿಸಿಕೊಟ್ಟಿದ್ದ ಶ್ರವಣ ಯಂತ್ರವನ್ನು. ಅದು ಕೂದಲಿನ ಮರೆಯಲ್ಲಿ ಕೂತಿತ್ತು. ಈ ವಿಷಯ ಇಬ್ಬರು ಹೆಣ್ಣುಮಕ್ಕಳಿಗೆ ಗೊತ್ತಿತ್ತು, ಹಾಲಿನವಳಿಗೆ ಗೊತ್ತಿತ್ತು, ಅಕ್ಕಪಕ್ಕದ ಮನೆಯವರಿಗೂ ಗೊತ್ತಿತ್ತು. ಸಾಹೇಬರಿಗೆ ಮಾತ್ರ ಗೊತ್ತಿರಲಿಲ್ಲ. ಏಕೆಂದರೆ ಅವರ ಎರಡೂ ಕಣ್ಣು ಷಡ್ಡಕನ ಬೈಕಿನಲ್ಲಿ ನಾಟಿದ್ದವು. ಹೊಟ್ಟೆಯೊಳಗೆ ಯಾರೋ ಹಸಿ ಮೆಣಸಿನಕಾಯಿ ಅರೆಯಲು ಕೂತಂತಾಯಿತು.

ಮನೆಗೆ ಮರಳುವಾಗ ಹಿಂದೆ ಕೂತ ಹೆಂಡತಿ ಆ ಅರೆತಕ್ಕೆ ಒಂದಿಷ್ಟು ಉಪ್ಪನ್ನೂ ಸೇರಿಸಿದರು.

“ಅಮ್ಮ ಅಷ್ಟು ಖುಷಿಯಾಗಿದ್ದು ನೋಡಿ ಎಷ್ಟು ವರ್ಷ ಆಗಿತ್ತು! ನಾವೇ ಆ ಮೆಷೀನು ಹಾಕಿಸಬೇಕಿತ್ತು ಕಣ್ರೀ. ದೊಡ್ಡಳಿಯ ಅಂತ ನಿಮ್ಗೂ ಒಂದು ಒಳ್ಳೇ ಮಾತು ಬರ್ತಿತ್ತು.”

“ಹಾಕಿಸ್ತೀನಿ” ಎಂದರು ಸಾಹೇಬರು ಹಲ್ಲು ಕಚ್ಚಿ. “ಅದರಪ್ಪನಂಥಾದ್ದು ಹಾಕಿಸ್ತೀನಿ.”

ಹೆಂಡತಿಗೆ ಹೃದಯ ತುಂಬಿ ಬಂತು. “ನಿಜವಾಗ್ಲೂ? ಎಡಗಡೆಗೂ ಒಂದು ಬೇಕೇ ಬೇಕಂತೆ ರೀ. ಎರಡೂ ಕಡೆ ಇದ್ರೇನೇ ಸರಿಯಾಗಿ ಕೇಳ್ಸೋದಂತೆ.”

“ಎರಡೂ ಕಡೆಗೂ ಹಾಕಿಸ್ತೀನಿ ಕಣೇ! ಮುಂದಿನ ಭಾನುವಾರ ಅತ್ತೆ ಹುಟ್ಟಿದಹಬ್ಬ ಅಲ್ವಾ? ಅವತ್ತು ನೋಡ್ತಿರು.”

ಗಂಡನ ಮೇಲೆ ಅಷ್ಟು ಪ್ರೀತಿ ಬಂದು ಆಕೆ ದಾರಿಯುದ್ದಕ್ಕೂ ಅವರ ಸೊಂಟ ಹಿಡಿದೇ ಕೂತರು. ಒಂದೇ ಬೈಕಿನ ಮೇಲೆ ಹೋಗುತ್ತಿದ್ದರೂ ಇಬ್ಬರೂ ಬೇರೆ ಬೇರೆ ಊರಿಗೆ ಹೊರಟಿದ್ದಾರೆಂದು ಇಬ್ಬರಿಗೂ ತಿಳಿಯಲಿಲ್ಲ.

ಶತ್ರುವಿನ ಬಲ ತಿಳಿಯದೆ ಯುದ್ಧಕ್ಕೆ ಹೋಗಬಾರದಲ್ಲ. ಮರುದಿನ ಸಾಹೇಬರು ಕಚೇರಿಯಿಂದಲೇ ಡಾಕ್ಟರಿಗೆ ಫೋನು ಮಾಡಿದರು. ಹವಾಮಾನ, ಪೆಟ್ರೋಲು, ಮಕ್ಕಳ ಓದು ಎಲ್ಲ ಸುತ್ತಿ ಬಂದು, “ಅಂದ ಹಾಗೆ ಡಾಕ್ಟ್ರೇ, ಆ ಮೆಷೀನು ಭಾರಿ ಚೆನ್ನಾಗಿದೆ. ಎಷ್ಟು ದೊಡ್ಡದು ಅದು?” ಎಂದರು.

“ದೊಡ್ಡದೆಲ್ಲಿ ಭಾವ! ಒಂದು ಕಡಲೆಕಾಳಷ್ಟಿದೆ.”

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. “ಕಡಲೆಕಾಳು? ಮತ್ತೆ ಬ್ಯಾಟರಿ?”

“ಅಂಗಿ ಗುಂಡಿಗಿಂತ ಚಿಕ್ಕದು. ಒಂದು ವಾರ ಬರುತ್ತೆ.”

“ಒಂದು ವಾರ!”

“ಹೂಂ. ಒಂದೇ ಕಷ್ಟ ಅಂದ್ರೆ ನೀರು ತಾಗಬಾರ್ದು. ಸ್ನಾನಕ್ಕೆ ಮುಂಚೆ ತೆಗೆದಿಡಬೇಕು. ಆಮೇಲೆ ಮಲಗುವಾಗ್ಲೂ ತೆಗೀಬೇಕು.”

“ಮಲಗೋದಾ?”

“ಮಲಗಿದಾಗ ಒತ್ತುತ್ತಲ್ಲ ಭಾವ, ನೋವಾಗುತ್ತೆ ಪಾಪ.”

ಸಾಹೇಬರು ಫೋನು ಇಟ್ಟರು. ಬೈಕಿಗೆ ಸ್ನಾನ ಮಾಡಿಸುವ ಮನುಷ್ಯ! ಮಲಗಿಸಿ, ನೋವಾದೀತೆಂದು ಕನಿಕರಪಡುವ ಮನುಷ್ಯ! ಒಂದೋ ಷಡ್ಡಕನಿಗೆ ತಲೆ ಕೆಟ್ಟಿದೆ, ಇಲ್ಲವೇ ಗುಟ್ಟು ಬಿಟ್ಟುಕೊಡಲು ಮನಸ್ಸಿಲ್ಲದೆ ತನ್ನನ್ನು ಕುರಿ ಮಾಡುತ್ತಿದ್ದಾನೆ. ಎರಡನೆಯದೇ ಸರಿ ಎಂದು ಅವರ ಮುಳ್ಳು ತೋರಿಸಿತು. ಅಂದು ಮಧ್ಯಾಹ್ನ ಅವರು ತಪಾಸಣೆ ಮಾಡಿದ ಕಿರಾಣಿ ಅಂಗಡಿಯ ತಕ್ಕಡಿಗೆ “ಐವತ್ತು ವ್ಯಾಟ್, ಸರಿಯಾಗಿದೆ” ಎಂದು ಪ್ರಮಾಣಪತ್ರ ಬರೆದುಕೊಟ್ಟರು. ಅಂಗಡಿಯವನು ಇದೇನೋ ಹೊಸ ಸರ್ಕಾರಿ ಕಾನೂನಿರಬೇಕೆಂದು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ.

ಸಂಜೆ ಅವರು ಹೋದದ್ದು ಊರಿಗೆಲ್ಲ ಗುಡುಗು ಎಂದೇ ಪರಿಚಿತನಾದ ಸೌಂಡಿನವನ ಅಂಗಡಿಗೆ. ಗುಡುಗು ಅಲ್ಲಿಯವರೆಗೆ ಸಭಾಂಗಣಗಳಿಗೂ ಪ್ರಚಾರದ ವ್ಯಾನುಗಳಿಗೂ ಸ್ಪೀಕರು ಕಟ್ಟಿದವನು. ಪಕ್ಕದಲ್ಲೇ ನಿಂತವರ ಜತೆಗೂ ಮೈದಾನದ ಆಚೆ ತುದಿಯವರ ಜತೆ ಮಾತಾಡಿದಂತೆ ಮಾತಾಡುತ್ತಿದ್ದ.

“ಬೈಕ್‌ಗಾ? ಜುಜುಬಿ ಸಾರ್! ಇಲ್ನೋಡಿ, ಇದು ನೂರು ವ್ಯಾಟು. ನೀವು ಕೇಳ್ಬಹುದು. ಇದು ನಾನೂರು. ಬೀದಿಯೋರು ಕೇಳ್ಬಹುದು. ಇದಿದೆಯಲ್ಲ, ಎಂಟುನೂರು...” ಎಂದು ಅವನು ಕಪಾಟಿನ ಮೇಲಿಂದ ಕಬ್ಬಿಣದ ಟ್ರಂಕಿನಂಥದೊಂದನ್ನು ಇಳಿಸಿದ. “ಇದನ್ನ ಹಾಕ್ಸಿದ್ರೆ ನಾಳೆ ಮಾತಾಡ್ಬೇಕು ಅಂದ್ಕೊಂಡೋರ ಮಾತೂ ಇವತ್ತೇ ನಿಂತೋಗುತ್ತೆ!”

“ಒಂದು ಮಾತು” ಎಂದು ಸಾಹೇಬರು ದನಿ ತಗ್ಗಿಸಿದರು. “ಕಡಲೆಕಾಳಷ್ಟು ದೊಡ್ಡದು, ಗುಂಡಿ ಬ್ಯಾಟರೀಲಿ ಒಂದು ವಾರ ಓಡೋದು... ಅಂಥದ್ದು ಬಂದಿದೆಯಂತಲ್ಲ?”

ಗುಡುಗು ನಕ್ಕ ರಭಸಕ್ಕೆ ಕಪಾಟಿನ ಗಾಜು ಅದುರಿತು. “ಯಾರ್ ಸಾರ್ ಹೇಳಿದ್ದು?”

“ನನ್ನ ಷಡ್ಡಕ.”

ಗುಡುಗಿನ ನಗು ನಿಂತಿತು. ಅವನಿಗೂ ಒಬ್ಬ ಷಡ್ಡಕನಿದ್ದ. ಅವನು ಸಾಹೇಬರ ಹೆಗಲ ಮೇಲೆ ಕೈಯಿಟ್ಟು, “ಎಂಟುನೂರೇ ಹಾಕೋಣ ಸಾರ್” ಎಂದ.

ಹೀಗೆ ಆಯ್ಕೆ ಮುಗಿಯಿತು. ಕೂರಿಸುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಸೀಟು ಎತ್ತಿ ನೋಡಿದರೆ ಅಲ್ಲಿ ಒಂದು ಕರವಸ್ತ್ರ ಇಡಲೂ ಜಾಗವಿಲ್ಲ. ಟ್ಯಾಂಕು ಬಿಚ್ಚಿದರು, ಅದರ ಕೆಳಗೂ ಇಲ್ಲ. ಕೊನೆಗೆ ಪ್ರವಾಸದ ಸಾಮಾನು ತುಂಬಲೆಂದು ಬೈಕಿನ ಎರಡು ಪಕ್ಕದಲ್ಲಿ ಜೋತುಬಿದ್ದ ಪೆಟ್ಟಿಗೆಗಳಲ್ಲಿ ಬಲಗಡೆಯದರೊಳಗೆ ಆಂಪ್ಲಿಫೈಯರು ಹೋಯಿತು. ಬ್ಯಾಟರಿಯಿಂದ ಹೆಬ್ಬೆರಳು ಗಾತ್ರದ ಕೆಂಪು ವೈರು ಎಳೆದು, ನಡುವೆ ಒಂದು ಫ್ಯೂಸು ಕೂರಿಸಿ, ಹ್ಯಾಂಡಲಿನ ಎರಡೂ ಪಕ್ಕಕ್ಕೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರುಗಳನ್ನು ಬಿಗಿದದ್ದಾಯಿತು. ದೂರದಿಂದ ನೋಡಿದರೆ ಬೈಕು ಎರಡು ಕಿವಿ ಅಗಲಿಸಿದ ಆನೆಯಂತೆ ಕಾಣುತ್ತಿತ್ತು.

“ಮುಗೀತು ಸಾರ್!” ಎಂದು ಗುಡುಗು ಕೈಬಿಟ್ಟ. ಬೈಕು ಬಲಕ್ಕೆ ಮಲಗಿತು.

ಸಾಹೇಬರು ಜೀವಮಾನವೆಲ್ಲ ತಕ್ಕಡಿ ನೋಡಿದವರು. “ಎಡಗಡೆ ಪೆಟ್ಟಿಗೆಗೂ ಅಷ್ಟೇ ತೂಕ ಇಡಬೇಕು” ಎಂದು ತೀರ್ಪು ಕೊಟ್ಟರು. ಶನಿವಾರ ಹೆಂಡತಿ ಹುಟ್ಟುಹಬ್ಬದ ಅಡುಗೆಗೆ ನೆರವಾಗಲು ತಾಯಿಯ ಮನೆಗೆ ಹೊರಟ ಮೇಲೆ ಬೈಕನ್ನು ಮನೆಗೆ ತಂದು, ಆಕೆಯ ಇಸ್ತ್ರಿಪೆಟ್ಟಿಗೆ ಮತ್ತು ಎರಡು ಇಟ್ಟಿಗೆಗಳನ್ನು ಎಡಗಡೆಗೆ ತುಂಬಿ, ಮುಳ್ಳು ನಡುವಿಗೆ ಬರುವಂತೆ ಮಾಡಿದರು. ಹೋಗುವಾಗ ಹೆಂಡತಿ ಕೇಳಿದ್ದರು:

“ಮೆಷೀನು ತಂದ್ರಾ?”

“ತಂದಾಯ್ತು.”

“ತೋರಿಸ್ರೀ.”

“ಉಹೂಂ. ಅತ್ತೆಗೆ ಹಾಕಿದ ಮೇಲೇ ತೋರಿಸೋದು.”

ಆಕೆ ಗಂಡನ ಜೇಬನ್ನು ಪ್ರೀತಿಯಿಂದ ನೋಡಿ ಹೋದರು.

ಭಾನುವಾರ ಬೆಳಗ್ಗೆ ಸಾಹೇಬರು ಮನೆಯ ಮುಂದೆ ತಾಲೀಮು ಶುರುಮಾಡಿದರು. ಎಂಜಿನ್ ಚಾಲೂ ಮಾಡಿ, ಹಾಡು ಹಚ್ಚಿದರು. ಹಾಡಿನ ಹಿಂದಿನಿಂದ ಕುಯ್ಯೋ ಎಂಬ ಇನ್ನೊಂದು ದನಿ ಬಂತು. ಎಕ್ಸಲರೇಟರ್ ತಿರುಗಿಸಿದರೆ ಅದೂ ಮೇಲೇರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು.

ಎದುರುಮನೆಯ ಪಿಟೀಲು ಮೇಷ್ಟ್ರು ಕಿವಿಯಲ್ಲಿ ಬೆರಳಿಟ್ಟುಕೊಂಡು ಹೊರಗೆ ಬಂದರು. “ಏನ್ ಸ್ವಾಮಿ ಇದು? ನನ್ನ ಶಿಷ್ಯರಲ್ಲೂ ಇಷ್ಟು ಅಪಸ್ವರ ಕೇಳಿಲ್ಲ!”

“ಎಂಟುನೂರು ವ್ಯಾಟು ಮೇಷ್ಟ್ರೇ.”

“ಎಂಟುನೂರು ಸೊಳ್ಳೆ ಅನ್ನಿ! ನಿಮ್ಮ ಎಂಜಿನ್ನೂ ಜತೆಗೆ ಹಾಡ್ತಿದೆ. ಮೊದ್ಲು ಅದರ ಬಾಯಿ ಮುಚ್ಚಿಸಿ.”

ಎಂಜಿನ್ ನಿಲ್ಲಿಸಿದರೆ ಕುಯ್ಯೋ ನಿಂತಿತು, ಹಾಡು ಉಳಿಯಿತು. ಸಾಹೇಬರಿಗೆ ಪರಮಾನಂದವಾಯಿತು. ಎಂಜಿನ್ ನಿಲ್ಲಿಸಿಯೇ ಅದೇ ಹಾಡನ್ನು ಮತ್ತೆ ಮತ್ತೆ ಹಾಕಿದರು. ಮೇಷ್ಟ್ರು ತಮ್ಮ ಶಿಷ್ಯರನ್ನೆಲ್ಲ ಮನೆಗೆ ಕಳಿಸಿ, ತಾವೂ ಬಾಗಿಲಿಗೆ ಬೀಗ ಹಾಕಿಕೊಂಡು ಎಲ್ಲಿಗೋ ಹೋದರು. ಇದೆಲ್ಲ ಬರೀ ಬ್ಯಾಟರಿಯ ನೆತ್ತರು ಕುಡಿದು ನಡೆಯುತ್ತಿದೆ ಎಂಬ ಸಂಗತಿಯನ್ನು ಸಾಹೇಬರಿಗೆ ತಿಳಿಸಲು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಹೊರಡುವಾಗ ಬೈಕು ಮುದುಕನಂತೆ ಕೆಮ್ಮಿ, ತುಂಬ ಯೋಚನೆ ಮಾಡಿ ಚಾಲೂ ಆಯಿತು.

ಅತ್ತೆಯ ಮನೆಯ ಅಂಗಳದಲ್ಲಿ ನೆಂಟರು ಸೇರಿದ್ದರು. ಹಿಂದಿನ ದಿನವೇ ಹೆಂಡತಿ ತಂಗಿಗೆ ಹೇಳಿ, ತಂಗಿ ಎಲ್ಲರಿಗೂ ಹೇಳಿ, ದೊಡ್ಡಳಿಯಂದಿರು ಅತ್ತೆಗೆ ಭಾರಿ ಉಡುಗೊರೆ ತರುತ್ತಿದ್ದಾರೆಂದು ಪ್ರಚಾರವಾಗಿತ್ತು. ಡಾಕ್ಟರು ಕೂಡ ಮುಂದೆ ಬಂದು, “ತುಂಬಾ ಒಳ್ಳೇ ಕೆಲ್ಸ ಮಾಡಿದ್ರಿ ಭಾವ. ನಾನೊಬ್ನೇ ಮಾಡಿದ್ರೆ ಅರ್ಧ ಮಾಡಿದ ಹಾಗೆ” ಎಂದರು.

ಸೋಲೊಪ್ಪಿಕೊಳ್ಳುವುದರಲ್ಲಿಯೂ ಎಂಥ ಗತ್ತು ಎಂದುಕೊಂಡರು ಸಾಹೇಬರು. “ಪೂರ್ತಿ ಮಾಡೋಣ ಡಾಕ್ಟ್ರೇ” ಎಂದು ನಕ್ಕರು.

ಆಮೇಲೆ ಅವರು ತಾವೇ ಒಂದು ಕುರ್ಚಿ ತಂದು ಬೈಕಿನ ಮುಂದೆ, ಎರಡು ಸ್ಪೀಕರುಗಳ ನಟ್ಟನಡುವೆ ಹಾಕಿದರು. ಅತ್ತೆಯನ್ನು ಕೈಹಿಡಿದು ಕರೆತಂದು ಕೂರಿಸಿದರು. ಅತ್ತೆ ಹೊಸ ಸೀರೆಯಲ್ಲಿ ಮದುಮಗಳಂತೆ ಕೂತು, ಎಡಕಿವಿಯ ಕೂದಲನ್ನು ಸರಿಸಿಕೊಂಡು ಕಾದರು.

“ಹಾಕಿ ಅಳಿಯಂದ್ರೇ.”

“ಹಾಕ್ತೀನಿ ಅತ್ತೆ!” ಎಂದು ಸಾಹೇಬರು ಎಂಜಿನ್ ಚಾಲೂ ಮಾಡದೆಯೇ ವಾಲ್ಯೂಮಿನ ಗುಂಡಿಯನ್ನು ಅದು ತಿರುಗುವಷ್ಟೂ ತಿರುಗಿಸಿದರು.

ಅದನ್ನು ಹಾಡು ಎಂದು ಯಾರೂ ಕರೆಯಲಿಲ್ಲ. ಕೆಲವರು ಸಿಲಿಂಡರು ಸಿಡಿಯಿತೆಂದರು, ಕೆಲವರು ತಾರಸಿ ಕುಸಿಯಿತೆಂದರು. ಅಂಗಳದ ಮೇಜಿನ ಮೇಲಿದ್ದ ಲೋಟಗಳು ಒಂದರ ಹಿಂದೆ ಒಂದು ನಡೆದುಕೊಂಡು ಹೋಗಿ ಕೆಳಗೆ ಹಾರಿದವು. ಪಕ್ಕದ ಮನೆಯ ನಾಯಿ ಕಾಂಪೌಂಡು ಹಾರಿ ಈಚೆ ಬಂದು, ಈಚೆ ಇನ್ನೂ ಜೋರಾಗಿದೆಯೆಂದು ತಿಳಿದು ಮತ್ತೆ ಆಚೆ ಹಾರಿತು. ಅತ್ತೆ ಕುರ್ಚಿಯಿಂದ ನೆಗೆದೆದ್ದು, ಬಲಕಿವಿಯಿಂದ ಏನನ್ನೋ ಕಿತ್ತು ಬೀಸಿ ಒಗೆದರು.

“ಅಮ್ಮನ ಮೆಷೀನು!” ಎಂದು ಹೆಂಡತಿ ಕಿರುಚಿದರು.

ಅದೇ ಗಳಿಗೆಯಲ್ಲಿ ಬ್ಯಾಟರಿಯ ಉಸಿರು ನಿಂತಿತು. ಹಾಡು ಪದದ ನಡುವೆಯೇ ಕಡಿದುಬಿತ್ತು. ಆ ಮೌನದಲ್ಲಿ ಸಾಹೇಬರ ದನಿಯೊಂದೇ ಕೇಳಿಸಿತು:

“ಎಂಥಾ ಮೆಷೀನು?”

ಹೆಂಡತಿ ಹೇಳಿದರು. ತಂಗಿ ಹೇಳಿದಳು. ನೆಂಟರೂ ತಮತಮಗೆ ತಿಳಿದಷ್ಟು ಹೇಳಿದರು. ಕಡಲೆಕಾಳು, ಗುಂಡಿ ಬ್ಯಾಟರಿ, ಸ್ನಾನ, ನಿದ್ದೆ ಎಲ್ಲವೂ ಸಾಹೇಬರ ತಲೆಯೊಳಗೆ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

“ಮತ್ತೆ ನೀವು ತಂದಿದ್ದು?” ಎಂದರು ಹೆಂಡತಿ, ಅವರ ಜೇಬನ್ನೇ ನೋಡುತ್ತ.

ಸಾಹೇಬರು ಬೈಕಿನ ಕಡೆ ಕೈತೋರಿಸಿದರು. ಆಕೆ ಹೋಗಿ ಎಡಗಡೆಯ ಪೆಟ್ಟಿಗೆ ತೆಗೆದರು. ಒಳಗೆ ತಮ್ಮ ಇಸ್ತ್ರಿಪೆಟ್ಟಿಗೆಯೂ ಎರಡು ಇಟ್ಟಿಗೆಗಳೂ ಕಂಡವು. ಇದನ್ನು ತಾಯಿಯ ಕಿವಿಗೆ ಹೇಗೆ ಹಾಕುವುದೆಂದು ಆಕೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಆಕೆ ಇಟ್ಟಿಗೆಯನ್ನು ಕೈಗೆತ್ತಿಕೊಂಡರು. ತಂಗಿ ಓಡಿಬಂದು ಹಿಡಿದುಕೊಂಡಳು.

“ಮೊದ್ಲು ಮೆಷೀನು ಹುಡುಕೋಣ ಅಕ್ಕ. ಭಾವ ಎಲ್ಲೂ ಹೋಗಲ್ಲ.”

ನೆಂಟರೆಲ್ಲ ಅಂಗಳದಲ್ಲಿ ಮಂಡಿಯೂರಿ ಹುಡುಕತೊಡಗಿದರು. ರೇಷ್ಮೆ ಸೀರೆಗಳು, ಇಸ್ತ್ರಿ ಮಾಡಿದ ಪ್ಯಾಂಟುಗಳು ಮಣ್ಣಿನಲ್ಲಿ ತೆವಳಿದವು. ಸಾಹೇಬರು ಎಲ್ಲರಿಗಿಂತ ಕೆಳಗೆ, ಹೊಟ್ಟೆಯ ಮೇಲೆಯೇ ಮಲಗಿ ಹುಡುಕಿದರು. ತಲೆ ಎತ್ತಲು ಅವರಿಗೆ ಹೇಗೂ ಧೈರ್ಯವಿರಲಿಲ್ಲ. ಕೊನೆಗೆ ಗುಲಾಬಿ ಕುಂಡದ ಬುಡದಲ್ಲಿ ಮುಳ್ಳು ಚುಚ್ಚಿಸಿಕೊಂಡು ಅದನ್ನು ಹುಡುಕಿ ತೆಗೆದವರು ಅವರೇ. ಅಂಗೈಯಲ್ಲಿಟ್ಟು ನೋಡಿದರು. ಎರಡು ಗ್ರಾಂ ಇದ್ದರೆ ಹೆಚ್ಚು. ಕರವಸ್ತ್ರದಿಂದ ಮಣ್ಣು ಒರೆಸಿ, ಅತ್ತೆಯ ಮುಂದೆ ತಲೆತಗ್ಗಿಸಿ ನಿಂತರು.

“ನೀವೇ ಹಾಕಿ” ಎಂದರು ಅತ್ತೆ.

ಸಾಹೇಬರು ಎರಡು ಸಲ ತಿರುವುಮುರುವು ಹಿಡಿದು ನೋಡಿದರು. ಹೇಗೋ ಅದನ್ನು ಬಲಕಿವಿಯಲ್ಲಿ ಕೂರಿಸಿದರು. ಅತ್ತೆ ಒಂದು ಕ್ಷಣ ಗಾಳಿಗೆ ಕಿವಿಗೊಟ್ಟರು.

“ಅಳಿಯಂದ್ರೇ” ಎಂದರು ಅತ್ತೆ ಗಂಭೀರವಾಗಿ, “ನನ್ನ ಮೇಲೇನಾದ್ರೂ ಕೋಪ ಇದ್ರೆ ಬಾಯಲ್ಲೇ ಹೇಳ್ಬಿಡಿ. ಈಗ ಕೇಳಿಸುತ್ತೆ.”

ಅಂಗಳವೆಲ್ಲ ನಗೆಯಲ್ಲಿ ಮುಳುಗಿತು. ಸಾಹೇಬರು ನಗಲಿಲ್ಲ. “ಕೋಪ ಅಲ್ಲ ಅತ್ತೆ. ನಿಮ್ಗೆ ನಮ್ಮ ಬೈಕಿನ ಹಾಡೂ ಒಂದ್ಸಲ ಕೇಳಿಸ್ಲಿ ಅಂತ...” ಎಂದು ನಿಲ್ಲಿಸಿದರು. ಇದಕ್ಕಿಂತ ಹೆಚ್ಚಿನ ಸತ್ಯ ಅಷ್ಟು ಜನರ ಮುಂದೆ ಹೇಳುವಂಥದಾಗಿರಲಿಲ್ಲ.

“ಕೇಳಿಸ್ತು” ಎಂದರು ಅತ್ತೆ. “ಎಡಕಿವಿ ಹತ್ತು ವರ್ಷದಿಂದ ಸತ್ತಿತ್ತು. ಅದಕ್ಕೂ ಕೇಳಿಸ್ತು. ಬನ್ನಿ, ಊಟ ಮಾಡಿ. ಎಡಗಡೆ ಮೆಷೀನು ನಾಳೆ ತಂದ್ರಾಯ್ತು.”

ಹಾಗೆಂದು ಅತ್ತೆ ಕ್ಷಮಿಸಿದರು. ಹೆಂಡತಿ ಕ್ಷಮಿಸಲಿಲ್ಲ. ಊಟಕ್ಕೆ ಸಾಹೇಬರ ಎಲೆಗೆ ಬಡಿಸುವಾಗ ಆಕೆಯ ಸೌಟು ಮಾಡಿದ ಸದ್ದಿಗೆ ಎಷ್ಟು ವ್ಯಾಟು ಎಂದು ಯಾರೂ ಅಳೆಯಲಿಲ್ಲ. ಊಟವಾದ ಮೇಲೆ, “ಆ ಬೈಕಿನ ಹಿಂದೆ ನಾನು ಕೂರಲ್ಲ” ಎಂದು ಸಾರಿ, ಇಸ್ತ್ರಿಪೆಟ್ಟಿಗೆಯನ್ನು ಎದೆಗವಚಿಕೊಂಡು ಆಟೋ ಹತ್ತಿದರು.

ಅವರು ಕೂರುತ್ತೇನೆಂದಿದ್ದರೂ ಪ್ರಯೋಜನವಿರಲಿಲ್ಲ. ಬೈಕು ಸತ್ತಿತ್ತು. ಗುಂಡಿ ಒತ್ತಿದರೆ ಟಿಕ್ ಎಂದೂ ಅನ್ನಲಿಲ್ಲ. ಬ್ಯಾಟರಿ ಅಂಗಡಿ ಎರಡು ಬೀದಿ ಆಚೆ. ಸಾಹೇಬರು ಹ್ಯಾಂಡಲ್ ಹಿಡಿದು ಗೇಟಿನವರೆಗೆ ತಳ್ಳುವಷ್ಟರಲ್ಲಿ ಬೆವೆತುಹೋದರು. ಜೀವನದಲ್ಲಿ ತಾನು ಷಡ್ಡಕನ ಮುಂದೆ ಇದಕ್ಕಿಂತ ಕೆಳಗೆ ಇಳಿಯಲು ಸಾಧ್ಯವಿಲ್ಲವೆಂದು ಅವರಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೈಹಚ್ಚಿದರು. ತಿರುಗಿ ನೋಡಿದರೆ ಡಾಕ್ಟರು.

“ನೀವು ಕೂತ್ಕೊಂಡು ಹ್ಯಾಂಡಲ್ ನೋಡ್ಕೊಳ್ಳಿ ಭಾವ. ನಾನು ತಳ್ತೀನಿ.”

ಕನಿಕರಕ್ಕೆ ಬಂದಿದ್ದಾನೆ ಎಂದುಕೊಂಡು ಸಾಹೇಬರು ಮುದುಡಿ ಕೂತರು. ಬೈಕು ಮೆಲ್ಲಗೆ ಉರುಳಿತು. ಡಾಕ್ಟರು ಸ್ವಲ್ಪ ದೂರ ತಳ್ಳಿದರು. ಆಮೇಲೆ ಹಿಂದೆ ನೋಡಿ, ತಮ್ಮ ಹೆಂಡತಿ ಗೇಟಿನಲ್ಲಿಲ್ಲವೆಂದು ಖಚಿತಪಡಿಸಿಕೊಂಡು ಕೇಳಿದರು:

“ಭಾವ, ಅದು ಎಷ್ಟು ವ್ಯಾಟು?”

“ಎಂಟುನೂರು.”

“ಎಂಟುನೂರು!” ಡಾಕ್ಟರ ದನಿಯಲ್ಲಿ ಏನೋ ಬಿರುಕು ಬಿಟ್ಟಿತು. “ನಂದು ಬರೀ ನಲವತ್ತು ಭಾವ. ಕಂಪನಿಯೋರು ಕೊಟ್ಟಿದ್ದು. ಹೈವೇಲಿ ಹೋದ್ರೆ ನಂಗೇ ಕೇಳ್ಸಲ್ಲ. ನಿಮ್ದು ಒಂದ್ಸಲ ಹೊಡೆದಿದ್ದಕ್ಕೆ ನನ್ನ ಎದೆಯೊಳಗೆ ಇನ್ನೂ ಗುಂಯ್ ಅಂತಿದೆ.”

ಸಾಹೇಬರು ಕನ್ನಡಿಯಲ್ಲಿ ನೋಡಿದರು. ಷಡ್ಡಕನ ಕಣ್ಣು ಸ್ಪೀಕರಿನಲ್ಲಿ ನೆಟ್ಟಿತ್ತು. ಮುಖದ ಮೇಲೆ ಒಂದು ಬಣ್ಣ ಏರುತ್ತಿತ್ತು. ಆ ಬಣ್ಣವನ್ನು ಸಾಹೇಬರು ಎಷ್ಟೋ ವರ್ಷ ತಮ್ಮ ಮನೆಯ ಕನ್ನಡಿಯಲ್ಲಿ ನೋಡಿದ್ದರು. ಅಪ್ಪಟ ಹೊಟ್ಟೆಕಿಚ್ಚು, ಒಂದು ಗ್ರಾಮೂ ಕಡಿಮೆಯಿಲ್ಲ.

ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕಾಲುಗಳನ್ನು ಎತ್ತಿ ಫುಟ್‌ರೆಸ್ಟಿನ ಮೇಲಿಟ್ಟುಕೊಂಡರು. ಬೀದಿಯ ಎರಡೂ ಬದಿಯ ಜನರಿಗೆ, ಮೆರವಣಿಗೆಯಲ್ಲಿ ಹೋಗುವವರಂತೆ ಗತ್ತಿನಿಂದ ತಲೆಯಾಡಿಸುತ್ತ ಹೋದರು. ಏರು ಶುರುವಾಯಿತು. ಹಿಂದೆ ಡಾಕ್ಟರು ಏದುಸಿರು ಬಿಡುತ್ತಿದ್ದರು.

“ಭಾವ... ಎಲ್ಲಿ ಹಾಕ್ಸಿದ್ರಿ? ನನ್ನ ಬೈಕಿಗೂ ಹಿಡಿಸುತ್ತಾ ಅದು?”

“ನೋಡೋಣ” ಎಂದರು ತಕ್ಕಡಿ ಸಾಹೇಬರು. “ಈಗ ತಳ್ಳಿ.”